ತೋಲೋಗೊನಜ್ಜನ ಬಾಯಿಗೆ ಬಾರದ ಮಾತು

ನಮ್ಮ ಕಿರ್ಗಿಜ್ ನಾಡಿನ ನರಿನ್ ಸೀಮೆಯಲ್ಲಿ ಜಿಲ್ದಿಜ್ ಟಾಕೀಸು ಅಂದರೆ ತೋಲೋಗೊನಜ್ಜ! ಪರದೆ ಮೇಲೆ ರಷ್ಯನ್ ಸಿನಿಮಾ ಓಡುತ್ತಿದ್ದರೆ ಪಕ್ಕದಲ್ಲಿ ಮೈಕ್ ಹಿಡಿದು ಹೀರೋ, ಹೀರೋಯಿನ್, ವಿಲನ್ನು, ವಿಲನ್ನಿನ ಅತ್ತೆ, ಎಲ್ಲರ ಮಾತನ್ನೂ ಒಬ್ಬನೇ ಕಿರ್ಗಿಜ್‌ನಲ್ಲಿ ಆಡುತ್ತಿದ್ದ. ಟಾಕೀಸಿಗೆ ಬೀಗ ಬಿದ್ದ ಮೇಲೂ ಸುಮ್ಮನೆ ಕೂರಲಿಲ್ಲ. ಊರನ್ನೆಲ್ಲ ಕಟ್ಟಿಕೊಂಡು ಕಚೇರಿ ಅಲೆದು, ಈ ಬೇಸಿಗೆಯಲ್ಲಿ ಟಾಕೀಸು ಮತ್ತೆ ತೆರೆಯಲು ಅಪ್ಪಣೆ ತಂದೇಬಿಟ್ಟ.

ಒಂದೇ ತೊಡಕು. ಟಾಕೀಸಿನ ಮುಂದಿನ ಪಡಸಾಲೆಯಲ್ಲಿ ಸಾಯ್ರಕಾನ್ ಎಂಬ ವಿಧವೆ ವರ್ಷಗಳಿಂದ ಉಣ್ಣೆ ಹಾಸು ಮಾಡಿ ಮಕ್ಕಳನ್ನು ಸಾಕುತ್ತಿದ್ದಳು. ಅವಳು ಜಾಗ ಬಿಡಬೇಕು. ಹೇಳುವ ಕೆಲಸ ಅಜ್ಜನ ಹೆಗಲಿಗೇ ಬಿತ್ತು.

ಹೋದ. ಮನೆ ಹೊಸಿಲಲ್ಲೇ ಸಾಯ್ರಕಾನ್ ರೊಟ್ಟಿ ಮುರಿದು ಹಿಡಿದಳು. ನಮ್ಮಲ್ಲಿ ಅದನ್ನು ಬೇಡವೆನ್ನುವ ಹಾಗಿಲ್ಲ. ಬಾಯಿಗಿಟ್ಟ ಮೇಲೆ ಆ ಮನೆಗೆ ಕೇಡಿನ ಮಾತು ಆಡುವ ಹಾಗೂ ಇಲ್ಲ.

"ಏನಣ್ಣಾ, ಮುಖ ಹುಳ್ಳಗಾಗಿದೆ? ಹಾಲು ಹುಳಿಯಾಗಿತ್ತಾ ಮನೇಲಿ?"

"ಏನಿಲ್ಲ ತಂಗಿ, ಹೀಗೇ ಬಂದೆ."

ಉಂಡ ಮನೆಯ ಜಂತೆ ಎಣಿಸುವುದು ಹೇಗೆ? ಆಮೇಲೆ ಮತ್ತೆ ಹೋದ, ಮತ್ತೆ ರೊಟ್ಟಿ ತಿಂದು ಬಂದ. ಊರವರು "ಹೇಳಿದ್ಯಾ?" ಅಂದರೆ "ಹ್ಞೂಂ" ಅಂದ.

ಎಲ್ಲರೂ ಸೇರಿ ಟಾಕೀಸು ಗುಡಿಸುವ ದಿನ ಬಂತು. ಎಲ್ಲರಿಗಿಂತ ಮೊದಲು ಬಂದವಳು ಸಾಯ್ರಕಾನ್, ಊರಿಗೆಲ್ಲ ಚಹಾ ಹೊತ್ತುಕೊಂಡು! ಗಂಡಸರು ಅವಳ ಉಣ್ಣೆ ಮೂಟೆ ಹೊರಗಿಟ್ಟರೆ ತಾನೂ ಒಂದು ಕೈ ಹಾಕಿದಳು.

"ಗುಡಿಸಿ ಆಯ್ತಲ್ಲ, ಒಳಗಿಡೋಣ್ವಾ? ಸಿನಿಮಾಕ್ಕೆ ಬಂದೋರು ನನ್ ಹಾಸೂ ನೋಡ್ಲಿ, ವ್ಯಾಪಾರ ಆಗ್ಲಿ!"

ಗಂಡಸರು ಅಜ್ಜನ ಮುಖ ನೋಡಿದರು. ಅಜ್ಜ ನೆಲ ನೋಡಿದ.

"ತಂಗಿ... ಇನ್ನು ಒಳಗಿಡಂಗಿಲ್ಲ. ಜಾಗ ಬಿಡಬೇಕು. ನಾನೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಇವರು ಕೇಳಿದ್ರೆ ಹ್ಞೂಂ ಅಂದುಬಿಟ್ಟೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅಜ್ಜ ಬದುಕಿಕೊಳ್ಳುತ್ತಿದ್ದ.

"ಬೇಸಿಗೇಲಿ ಹೇಳಿದ್ರೆ ಬೇರೆ ಕಡೆ ಹುಡುಕ್ತಿದ್ದೆ ಅಣ್ಣಾ. ಈಗ ಹಿಮ ಬೀಳೋ ಹೊತ್ತು, ಯಾರ್ ಕೊಡ್ತಾರೆ?"

"ನಮ್ಮನೆ ಮುಂದಿನ ಕೋಣೆ ತಗೋ. ನಾವು ಮುದುಕರಿಬ್ರು ಅಡುಗೆಮನೇಲಿ ಮಲಗ್ತೀವಿ."

"ಅತ್ತಿಗೆನ ಕೇಳಿದ್ಯಾ? ಅವಳಿಗೂ ಹ್ಞೂಂ ಅಂದುಬಿಡ್ತೀಯಾ?"

ಯಾರೋ ಕಿಸಕ್ಕೆಂದರು. ಅಜ್ಜ ನಗಲಿಲ್ಲ. ನೆಟ್ಟಗೆ ಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತು, ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮುದುಕಿ ಬೈದಳು ನೋಡಿ, ಬೀದಿಗೆಲ್ಲ ಕೇಳುವ ಹಾಗೆ! ಬೈಯುತ್ತಲೇ ಕೋಣೆಯ ಹಾಸಿಗೆ ಸುತ್ತಿಟ್ಟಳು.

ಅದೇ ಸಂಜೆ ಮೊದಲ ಆಟಕ್ಕೆ ಊರೆಲ್ಲ ಟಾಕೀಸಿನಲ್ಲಿ ಸೇರಿ ಶಿಳ್ಳೆ ಹೊಡೆಯುತ್ತಿತ್ತು. ಅಜ್ಜ ಮಾತ್ರ ಮೈಕ್ ಬಿಟ್ಟು, ಕೈಗಾಡಿಯಲ್ಲಿ ಅವಳ ಉಣ್ಣೆ ಮೂಟೆ ತನ್ನ ಮನೆಗೆ ಎಳೆಯುತ್ತಿದ್ದ. ಹಿಂದಿನಿಂದ ಗಾಡಿ ತಳ್ಳುತ್ತಿದ್ದ ಸಾಯ್ರಕಾನ್ ಮನೆ ಮುಟ್ಟುವ ತನಕ ಅವನ ಜತೆ ಒಂದು ಮಾತೂ ಆಡಲಿಲ್ಲ.