ಕುರ್ಚಿಯ ಹಿಂದೆ ನಿಂತವಳು

ನಮ್ಮ ಮನೆಗೆ ನೀವು ಬಂದರೆ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಎದುರಿಗೆ ಚಾಪೆ ಹಾಸಿಕೊಂಡು ಕೂರುತ್ತೇನೆ. ಮಂಡಿಗಳೆರಡೂ ಲಟಕ್ಕೆನ್ನುತ್ತವೆ, ಸೊಸೆ ಕಣ್ಣಲ್ಲೇ ಗದರುತ್ತಾಳೆ, ಬಂದವರು ಮುಜುಗರದಿಂದ ಅರ್ಧ ಎದ್ದು ಅರ್ಧ ಕೂತು ಒದ್ದಾಡುತ್ತಾರೆ. ಆದರೂ ನಾನು ಈ ಚಾಳಿ ಬಿಟ್ಟಿಲ್ಲ. ಮನಶ್ಶಾಸ್ತ್ರ ಓದಿದವರಿಗೆಲ್ಲ ಒಂದು ಸುತ್ತು ಕಡಿಮೆಯೇ ಎಂದು ನೀವು ನಗುವ ಮೊದಲು ಅದರ ಕಥೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೆಂಗಸರ ಮನಸ್ಸಿನ ಆರೋಗ್ಯ ಹೇಗಿದೆಯೆಂದು ಕೇಳಿ ಬರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ತರುವ ಉತ್ತರಗಳನ್ನು ನೋಡಿಕೊಂಡು, ಹುಣಸೂರಿನಲ್ಲಿ ವಾರಕ್ಕೊಂದು ಮಧ್ಯಾಹ್ನ ಮನಸ್ಸಿನ ಬೇನೆಗೆಂದೇ ಒಂದು ಕ್ಲಿನಿಕ್ ತೆರೆಯುವುದೋ ಬೇಡವೋ ಎಂದು ಮೇಲಿನವರು ತೀರ್ಮಾನಿಸುವವರಿದ್ದರು. ಹೊಸ ಕೆಲಸ, ಹೊಸ ರೆಕ್ಸಿನ್ ಚೀಲ, ಅದರೊಳಗೆ ನಾನೇ ತಿದ್ದಿ ತೀಡಿದ ಪ್ರಶ್ನಾವಳಿ. ಲೋಕದ ದುಃಖವನ್ನೆಲ್ಲ ನಾಲ್ಕು ಹಾಳೆಯಲ್ಲಿ ಹಿಡಿದುಬಿಡುತ್ತೇನೆಂಬ ಜಂಬ ನನಗೆ.

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಮೊದಲ ದಿನವೇ ಒಂದು ಕುರ್ಚಿ ನನ್ನ ಬೆನ್ನು ಹತ್ತಿತು. ಮೈಸೂರಿಂದ ಬಂದವಳನ್ನು ನೆಲದ ಮೇಲೆ ಕೂರಿಸುವುದುಂಟೇ? ನಾನು ಹೋಗಬೇಕಾದ ಬೀದಿಯಲ್ಲಿ ಮಡಚುವ ಕಬ್ಬಿಣದ ಕುರ್ಚಿಯಿದ್ದದ್ದು ನಿಂಗಮ್ಮನ ಮನೆಯಲ್ಲಿ ಮಾತ್ರ. ಅರವತ್ತರ ಆಸುಪಾಸಿನ ಆ ವಿಧವೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಜೊತೆ ನಡೆಯುವಳು, ಪ್ರತಿ ಮನೆಯ ಜಗಲಿಯಲ್ಲೂ ಬಿಡಿಸಿ, ಸೆರಗಿನಿಂದ ಒರೆಸಿ ನನ್ನನ್ನು ಕೂರಿಸುವಳು, ಆಮೇಲೆ ಅದರ ಬೆನ್ನು ಹಿಡಿದು ನಿಂತುಬಿಡುವಳು. ಕುರ್ಚಿಯನ್ನು ಯಾರ ಕೈಗೂ ಒಪ್ಪಿಸಳು. ಎಷ್ಟು ಜಂಬ ಈ ಮುದುಕಿಗೆ ಎಂದುಕೊಂಡೆ; ನನ್ನ ಜಂಬ ಮರೆತಿದ್ದೆ ನೋಡಿ.

ನಿದ್ದೆ ಬರುತ್ತದೆಯೇ ಎಂದರೆ ಬರುತ್ತದೆ. ಅಳು ಬರುತ್ತದೆಯೇ ಎಂದರೆ, ಅಯ್ಯೋ, ಯಾತಕ್ಕೆ? ಬದುಕು ಬೇಸರವೇ ಎಂದರೆ ಎಲ್ಲಾ ಚೆನ್ನಾಗಿದೆ, ಮೊದಲು ಕಾಫಿ ಕುಡಿಯಿರಿ. ಹತ್ತು ದಿನ ಹೀಗೇ ಕಳೆಯಿತು; ಇಡೀ ಬೀದಿಯ ಒಂದು ನಿಟ್ಟುಸಿರೂ ನನ್ನ ಹಾಳೆಗೆ ಬೀಳಲಿಲ್ಲ. ಇಷ್ಟು ಸುಖವಾಗಿರುವ ಜನಕ್ಕೆ ಕ್ಲಿನಿಕ್ ಯಾಕೆ ಎಂದು ಮೇಲಿನವರು ಕಡತ ಮುಚ್ಚುವುದು ಖಂಡಿತವಾಗಿತ್ತು.

ಕೊನೆಯ ದಿನ ಮೋರೆ ಸಪ್ಪಗೆ ಮಾಡಿಕೊಂಡು ನಿಂಗಮ್ಮನ ಜಗಲಿಯ ಮೇಲೆ ಕುಸಿದು ಕೂತೆ. ಆಕೆ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ, ನನ್ನ ಪಕ್ಕ ಕೂತು, ಎಲ್ಲರನ್ನೂ ಕೇಳಿದಿರಿ, ನನ್ನನ್ನು ಯಾಕೆ ಕೇಳಲಿಲ್ಲ ಎಂದಳು. ಹದಿನೈದರಿಂದ ನಲವತ್ತೈದು ವಯಸ್ಸಿನವರನ್ನು ಮಾತ್ರ ಕೇಳಬೇಕೆಂಬ ನಿಯಮವನ್ನು ವಿವರಿಸಿದೆ. ಸರಿ ಬಿಡಿ ಎಂಬಂತೆ ತಲೆಯಾಡಿಸಿದಳು. ನನಗೆ ನಾಚಿಕೆಯಾಯಿತು. ಚೀಲ ಅತ್ತ ಸರಿಸಿ, ಹಾಳೆಯಿಲ್ಲದೆ, ನೀವು ಹೇಗಿದ್ದೀರಿ ನಿಂಗಮ್ಮಾ ಎಂದು ಕೇಳಿದೆ.

"ಕುರ್ಚಿ ನಮ್ಮ ಯಜಮಾನ್ರುದು ಕಣವ್ವ. ಅವ್ರು ತೀರೋದ್ಮೇಲೆ ಅದು ಬರಿದಾಗಿರಾದ ನೋಡಕ್ಕಾಗಕಿಲ್ಲ. ಯಾರಾದ್ರೂ ಕೂತ್ಕಳ್ಲಿ ಅಂತ ನಿಮ್ ಜೊತೆ ಒತ್ಕಂಡು ತಿರುಗ್ದೆ."

ತುಂಬಾ ಹೊತ್ತು ಗಂಡನ ಮಾತೇ ಆಡಿ, ಅತ್ತು, ಮೂಗು ಒರೆಸಿಕೊಂಡು ಹಗುರಾದ ಮೇಲೆ ಆಕೆಯೇ ನನ್ನ ಚೀಲದ ಕಡೆ ನೋಡಿ ನಕ್ಕಳು.

"ಅವ್ರೆಲ್ಲ ಯೋಳಿದ್ದು ಸುಳ್ಳು. ಬೆನ್ನಿಂದೆ ನಾನ್ ನಿಂತಿದ್ರೆ ಯಾರವ್ವ ನಿಜ ಯೋಳ್ತಾರೆ? ಇನ್ನೊಂದ್ ಸಲಿ ಬನ್ನಿ. ನಾನೂ ಬರಕಿಲ್ಲ, ಕುರ್ಚೀನೂ ಕೊಡಕಿಲ್ಲ."

ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಿಲ್ಲ. ತುಂಬಿದ ಹಾಳೆಗಳೆಲ್ಲ ದಂಡ, ಮತ್ತೆ ಮೊದಲಿಂದ ಕೇಳುತ್ತೇನೆ ಎಂದು ಮೇಲಿನವರಿಗೆ ಬರೆದು, ಚೆನ್ನಾಗಿ ಬೈಸಿಕೊಂಡು, ಮತ್ತೆ ಹೋದೆ. ಈ ಸಲ ಹೊಗೆಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟುವ ಹೆಂಗಸರ ಪಕ್ಕ, ಒಬ್ಬೊಬ್ಬರೇ ಸಿಕ್ಕಾಗ, ನೆಲದ ಮೇಲೆ ಕೂತು ಕೈಯೆಲ್ಲ ಅಂಟು ಮಾಡಿಕೊಂಡೆ. ನಾನು ಕಟ್ಟಿದ ಸೊಪ್ಪೆಲ್ಲ ಉದುರುತ್ತಿತ್ತು, ಅವರು ನಗುತ್ತಿದ್ದರು, ನಗುನಗುತ್ತಲೇ ಬಾರದ ನಿದ್ದೆಯ, ನುಂಗಿದ ಅಳುವಿನ ಮಾತು ಹೊರಬರುತ್ತಿತ್ತು.

ಮುಂದೆ ಎಷ್ಟೋ ವರ್ಷ ಆರೋಗ್ಯ ನೀತಿಯ ಸಭೆಗಳ ಮೆತ್ತನೆಯ ಕುರ್ಚಿಗಳಲ್ಲಿ ಕೂತು, ನಲವತ್ತೈದಕ್ಕೆ ಮನಸ್ಸಿಗೇನು ನಿವೃತ್ತಿಯೇ ಎಂದು ಜಗಳವಾಡಿದ್ದೇನೆ, ಆ ವಯಸ್ಸಿನ ಗೆರೆಯನ್ನು ಅಳಿಸಿಯೂ ಹಾಕಿಸಿದ್ದೇನೆ. ಆದರೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಹುಣಸೂರಿನ ಕ್ಲಿನಿಕ್ಕಿನ ಮೊದಲ ಮಧ್ಯಾಹ್ನ.

ಹೌದು, ಕ್ಲಿನಿಕ್ ಬಂತು. ಬಾಗಿಲು ತೆರೆದರೆ ಎದುರಿಗೆ ನಿಂಗಮ್ಮ. ಕಂಡಕ್ಟರನ ಜೊತೆ ಜಗಳವಾಡಿ ಬಸ್ಸಿನಲ್ಲಿ ಕುರ್ಚಿಯನ್ನೂ ತಂದಿದ್ದಳು. ಬಿಡಿಸಿದಳು, ಸೆರಗಿನಿಂದ ಒರೆಸಿದಳು. ನಾನು ಅಭ್ಯಾಸಬಲದಿಂದ ಕೂರಲು ಹೋದೆ. ಆಕೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಗಂಡ ತೀರಿದ ಮೇಲೆ ಒಂದು ಸಲವೂ ಕೂರದ ಆ ಕುರ್ಚಿಯಲ್ಲಿ ತಾನೇ ಕೂತಳು.

"ಈಗ ಕೇಳಿ ಅವ್ವ," ಎಂದಳು. "ಮೊದ್ಲುನೇ ಪ್ರಶ್ನೆಯಿಂದ ಕೇಳಿ."

ನಾನು ನೆಲದ ಮೇಲೆ ಕೂತೆ. ಹಾಗಾಗಿ ನೀವು ಬಂದಾಗ ಮುಜುಗರಪಡಬೇಡಿ, ಮೇಲೆ ಆರಾಮಾಗಿ ಕೂತುಕೊಳ್ಳಿ. ನನ್ನ ಮಂಡಿಯ ಚಿಂತೆ ನನಗಿರಲಿ, ನೀವು ಹೇಗಿದ್ದೀರಿ ಹೇಳಿ.