ಸಿದ್ದಕ್ಕನ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಂಗೆಪಾಳ್ಯದ ಸರ್ಕಾರಿ ಪ್ರಾಥಮಿಕ ಶಾಲೆಯ ಮೈದಾನದಲ್ಲಿ ಪೊರಕೆಯ ಸದ್ದೊಂದೇ ಕೇಳುತ್ತಿದೆ. ಸುತ್ತ ಮೂರು ಕಡೆಯೂ ತೆಂಗಿನ ತೋಟ. ಗಾಳಿಯಿಲ್ಲ, ಒಂದು ಗರಿಯೂ ಅಲ್ಲಾಡುತ್ತಿಲ್ಲ. ಸಿದ್ದಕ್ಕ ಸೊಂಟ ಬಗ್ಗಿಸಿ, ಕಡ್ಡಿಪೊರಕೆ ಬೀಸುತ್ತ, ಹಿಂದೆ ಹಿಂದೆ ನಡೆದು ಬರುತ್ತಿದ್ದಾರೆ. ಗುಡಿಸಿದ ಜಾಗದಲ್ಲಿ ತಮ್ಮ ಹೆಜ್ಜೆಯೂ ಉಳಿಯಬಾರದು ಅನ್ನುವ ಹಾಗೆ. ತರಗತಿಯ ಬಾಗಿಲಲ್ಲಿ ಶುರುವಾದ ಕೆಲಸ ಗೇಟಿನ ಹೊರಗೆ ಮುಗಿಯುತ್ತದೆ. ಆಮೇಲೆ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕುತ್ತಾರೆ. ಒಳಗಿನ ಮಣ್ಣು ಆಗತಾನೇ ಬಾಚಿದ ತಲೆಯಂತೆ ಗೆರೆಗೆರೆಯಾಗಿ ಕಾಣುತ್ತದೆ.

“ಈಗ ಕಾಲಿಡಬ್ಯಾಡ ಕಣಪ್ಪ,” ಅನ್ನುತ್ತಾರೆ. “ಒಸಿ ತಡಿ. ಟೀ ಕುಡ್ಕಂಡ್ ಬರಾಣ.”

ನಿಜ ಹೇಳಬೇಕೆಂದರೆ ನಾನು ದಂಡಿನಶಿವರದ ಬಸ್ಸಿಳಿದು ಇಲ್ಲಿಗೆ ಬಂದದ್ದು ಸಿದ್ದಕ್ಕನಿಗಾಗಿ ಅಲ್ಲ, ಹುಲ್ಲಿನ ಜಗಳದ ಬಗ್ಗೆ ಬರೆಯುವುದಕ್ಕಾಗಿ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿಕೊಡಲು ಮುಂದೆ ಬಂದಿದ್ದಾರೆ. ಊರು ಎರಡು ಹೋಳಾಗಿದೆ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ, ತೆಂಗು ಬೆಳೆಗಾರ ಸದಾಶಿವಯ್ಯನವರಿಗೆ ಹುಲ್ಲು ಬೇಕೇ ಬೇಕು. “ಕಾನ್ವೆಂಟಿನೋರು ಟರ್ಫ್ ಹಾಕ್ಸವ್ರೆ ಕಣ್ರೀ. ನಮ್ ಮಕ್ಳೇನು ಧೂಳಲ್ಲೇ ಹೊರಳಾಡ್ಬೇಕಾ?” ಅನ್ನುತ್ತಾರೆ. ಬಟ್ಟೆ ಹೊಲಿಯುವ ಫಾಮಿದಾ ಅವರಿಗೂ ಬೇಕು. ಅವರ ಮಗಳು ಫಿರ್ದೌಸ್‌ಗೆ ಉಬ್ಬಸ. “ಧೂಳೆದ್ದ ದಿನ ಅವಳ ಎದೆ ಸೀಟಿ ಹೊಡ್ದಂಗ್ ಹೊಡೀತದೆ. ನಾನು ಹೊಲಿಗೆ ಬಿಟ್ಟು ಓಡಿ ಬರ್ಬೇಕು,” ಎಂದು ಹೇಳುವಾಗ ಅವರ ಕಣ್ಣು ತುಂಬುತ್ತದೆ. ಮುಖ್ಯೋಪಾಧ್ಯಾಯಿನಿ ಗಿರಿಜಾಂಬಿಕಾ ಮಾತ್ರ ಒಪ್ಪುತ್ತಿಲ್ಲ. ಬಿಸಿಲಿಗೆ ಆ ಹುಲ್ಲು ಕಾದ ಹೆಂಚಾಗುತ್ತದೆ, ಮಕ್ಕಳ ಕಾಲು ಸುಡುತ್ತದೆ ಎನ್ನುವುದು ಅವರ ಚಿಂತೆ. ಎಲ್ಲರೂ ಸರಿಯಾದದ್ದನ್ನೇ ಹೇಳುವ ಜಗಳದಂಥ ಕಷ್ಟ ಬರೆಯುವವನಿಗೆ ಇನ್ನೊಂದಿಲ್ಲ.

ಕಂಪನಿಯವರು ಮಾದರಿಗೆಂದು ಚಾಪೆಯಷ್ಟಗಲದ ಹುಲ್ಲಿನ ತುಂಡೊಂದನ್ನು ಮೈದಾನದ ನಡುವೆ ಹಾಸಿ ಹೋಗಿದ್ದಾರೆ. ಮರುದಿನವೇ ಸಿದ್ದಕ್ಕ ಅದರ ಮೇಲೆ ಸಗಣಿ ನೀರು ಹೊಯ್ದು, ಕಡ್ಡಿಪೊರಕೆಯಲ್ಲಿ ಗಸಗಸ ತಿಕ್ಕಿದರು. ವಾರವಿಡೀ ಅದು ಕೊಟ್ಟಿಗೆಯಂತೆ ನಾತ ಹೊಡೆಯಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. “ನೆಲ ಅಂದ್ಮ್ಯಾಲೆ ಸಗಣಿ ನೀರು ಹಾಕ್ದೆ ಬುಟ್ರಾಯ್ತದಾ?” ಎಂದು ಅವರು ಇವತ್ತಿಗೂ ಕೇಳುತ್ತಾರೆ.

ಸಿದ್ದಕ್ಕನಿಗೆ ಅರವತ್ತು ದಾಟಿದೆ. ಕಂದಿಕೆರೆಯ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಬೇಗ ತೀರಿಕೊಂಡರು. ಆಮೇಲೆ ತೆಂಗಿನ ವ್ಯಾಪಾರದ ಮಂಡಿಯವರ ಷೆಡ್ಡಿನಲ್ಲಿ, ಒಳಗಿನ ಕೊಬ್ಬರಿ ಒಡೆಯದಂತೆ ಚಿಪ್ಪು ಬಿಡಿಸುವ ಕೆಲಸ. ಕತ್ತಿಯ ಗಾಯದ ಗುರುತುಗಳು ಎಡಗೈ ತುಂಬ ಇವೆ. ಈಗ ಶಾಲೆಯ ಕಸ, ಶೌಚಾಲಯ, ಕುಡಿಯುವ ನೀರು ಎಲ್ಲ ಅವರದೇ. ಅಡುಗೆಯವರು ಬರುವಷ್ಟರಲ್ಲಿ ಕೆಲಸ ಮುಗಿಸಿ ಮನೆ ಸೇರುವುದರಿಂದ ಶಾಲೆ ಗುಡಿಸುವವರು ಯಾರೆಂದು ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ.

ಟೀ ಅಂಗಡಿಯ ಬೆಂಚಿಗೆ ಗೇಟು ಎದುರಿಗೇ ಕಾಣುತ್ತದೆ. ನಾವು ಲೋಟ ಕೆಳಗಿಡುವ ತನಕ ಆ ಕಡೆ ಯಾರೂ ಸುಳಿಯಲಿಲ್ಲ. ಸಿದ್ದಕ್ಕ ಹೋಗಿ ಬೀಗ ತೆಗೆದರು. “ಈಗ ನೋಡು,” ಅಂದರು.

ಗುಡಿಸಿದ ಮಣ್ಣಿನ ಮೇಲೆ ಹೆಜ್ಜೆಗಳು ಮೂಡಿವೆ. ಬರಿಗಾಲು, ಪುಟ್ಟ ಮಗುವಿನದು. ಗೇಟಿನ ಒಳಗಡೆ ಶುರುವಾಗಿ ನೆಟ್ಟಗೆ ಮೈದಾನದ ನಡುವಿಗೆ ಹೋಗಿವೆ. ಹುಲ್ಲಿನ ತುಂಡಿನ ಅಂಚಿನಲ್ಲಿ ಎರಡೂ ಪಾದ ಜೋಡಿಸಿ ನಿಂತ ಗುರುತಿದೆ. ಅಲ್ಲಿಂದ ಅದನ್ನು ಬಳಸಿಕೊಂಡು ಎರಡನೇ ತರಗತಿಯ ಬಾಗಿಲ ತನಕ ಹೋಗಿವೆ. ಬಾಗಿಲಿಗೆ ಬೀಗವಿದೆ. ವಾಪಸು ಬಂದ ಹೆಜ್ಜೆ ಒಂದೂ ಇಲ್ಲ.

ಸದಾಶಿವಯ್ಯನವರಿಗೆ ಹೇಳಿದರೆ ನಕ್ಕುಬಿಟ್ಟರು. “ಯಾವ್ದೋ ಮಗ ಬೇಲಿ ನುಸುಳಿರ್ತದೆ ಬುಡಿ.” ನನಗೂ ಹಾಗೇ ನಂಬುವ ಆಸೆಯಿತ್ತು. ಆದರೆ ಬೇಲಿಯಿರುವುದು ತೋಟದ ಕಡೆ. ಹೆಜ್ಜೆ ಶುರುವಾದದ್ದು ಗೇಟಿನಲ್ಲಿ.

ಸಿದ್ದಕ್ಕನಿಗೆ ಒಬ್ಬಳೇ ಮಗಳಿದ್ದಳು, ಕಲ್ಲಮ್ಮ. ಎರಡನೇ ತರಗತಿಯಲ್ಲಿದ್ದಾಗ ಶಾಲೆ ಬಿಡಿಸಿ, ಚಿಪ್ಪು ಆಯಲು ಷೆಡ್ಡಿಗೆ ಕರೆದುಕೊಂಡು ಹೋದರು. “ದಿನಾ ಕೇಳೋಳು. ‘ಅವ್ವಾ, ನಾಳೀಕ್ ಇಸ್ಕೂಲಿಗ್ ಹೋಗ್ಲಾ?’ ಅನ್ನೋಳು. ಈ ಕೊಬ್ರಿ ಮುಗೀಲಿ ತಡಿಯೇ ಅಂತಿದ್ದೆ. ಕೊಬ್ರಿ ಎಲ್ ಮುಗೀತದೆ?” ಆ ವರ್ಷವೇ ಜ್ವರ ಬಂದು ಮಗು ಹೋಯಿತು.

ಅವರ ಮನೆತನದಲ್ಲೊಂದು ಪದ್ಧತಿ. ತಿಥಿಯ ಹಿಂದಿನ ಸಂಜೆ, ಸತ್ತವರು ಮಲಗಿದ್ದ ಜಾಗದಲ್ಲಿ ಜರಡಿ ಹಿಡಿದ ಬೂದಿ ಹರಡಿ, ಮೇಲೆ ಬುಟ್ಟಿ ಮುಚ್ಚುತ್ತಾರೆ. ಬೆಳಿಗ್ಗೆ ತೆಗೆದು ನೋಡಿದರೆ, ಬಂದು ಹೋದವರ ಗುರುತು ಬೂದಿಯಲ್ಲಿ ಇರಬೇಕು. ಕಲ್ಲಮ್ಮನ ತಿಥಿಗೆ ಹರಡಿದ ಬೂದಿಯಲ್ಲಿ ಒಂದು ಗೆರೆಯೂ ಮೂಡಲಿಲ್ಲ.

“ಮನೇಗ್ ಬರ್ನಿಲ್ಲ. ನನ್ ಮ್ಯಾಲೆ ಕ್ವಾಪ ಅಂದ್ಕಂಡೆ,” ಅನ್ನುತ್ತಾರೆ ಸಿದ್ದಕ್ಕ. “ಆಮ್ಯಾಕೆ ಇಲ್ಲಿ ಕೆಲ್ಸಕ್ಕ್ ಸೇರ್ದೆ. ಒಂದಿನ ಗುಡ್ಸಿ, ನೀರ್ ತರಕ್ ಹೋಗಿ ಬಂದು ನೋಡ್ತೀನಿ, ಮಣ್ಣಾಗೆ ಹೆಜ್ಜೆ. ಎಡಗಾಲು ಒಸಿ ಒಳೀಕ್ ತಿರುಗಿರದು, ನನ್ ಮಗ್ಳುದೂ ಹಂಗೇ ಇತ್ತು. ಮನೆ ಬುಟ್ಟು ಇಸ್ಕೂಲಿಗ್ ಬಂದವ್ಳೆ ಕಣಪ್ಪ!”

ಅಂದಿನಿಂದ ಅವರು ಹಿಂದೆ ಹಿಂದೆ ನಡೆದು ಗುಡಿಸುತ್ತಾರೆ. ಭಾನುವಾರವೂ ಗುಡಿಸುತ್ತಾರೆ, ಆದರೆ ಅವತ್ತು ಹೆಜ್ಜೆ ಮೂಡುವುದಿಲ್ಲವಂತೆ. ಯಾಕೆ ಎಂದು ಕೇಳಿದೆ. “ರಜಾ ಅಲ್ವಾ?” ಎಂದು ನನ್ನನ್ನೇ ಪೆದ್ದನ ಹಾಗೆ ನೋಡಿದರು. ನಾನು ಮತ್ತೊಮ್ಮೆ ಮಣ್ಣಿನ ಕಡೆ ಬಗ್ಗಿದೆ. ಎಡಗಾಲು ಒಳಕ್ಕೆ ತಿರುಗಿತ್ತು. ಹಾಗಿರದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪ್ಲಾಸ್ಟಿಕ್ ಹುಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಊರಿಗೆ ಅದು ಧೂಳಿನ ಪ್ರಶ್ನೆ. ಸಿದ್ದಕ್ಕನಿಗೆ ಮಗಳು ಬಂದಳೋ ಇಲ್ಲವೋ ಎಂದು ಇನ್ನು ಮುಂದೆ ತಿಳಿಯುವುದೇ ಇಲ್ಲ.

ಶನಿವಾರ ಶಾಲೆಯ ಜಗಲಿಯಲ್ಲಿ ಸಭೆ. ಕೂಗಾಟವೆಲ್ಲ ಮುಗಿದು, ಬೇಸಿಗೆ ರಜೆಯಲ್ಲಿ ಹುಲ್ಲು ಹಾಸುವುದೆಂದು ತೀರ್ಮಾನವಾಗುತ್ತದೆ. ಕಂಬದ ಪಕ್ಕದಲ್ಲಿದ್ದ ಸಿದ್ದಕ್ಕ ಸೆರಗು ಹೊದ್ದು ಮುಂದೆ ಬರುತ್ತಾರೆ. “ಗೇಟಿಂದ ಎಲ್ಡನೇ ಕ್ಲಾಸಿನ್ ಬಾಗ್ಲು ಗಂಟ, ಗ್ವಾಡೆ ಪಕ್ಕ ಒಂದ್ ಮೊಳ ಮಣ್ಣು ಹಂಗೇ ಬುಡಿ.”

“ಯಾಕಕ್ಕ?” ಸದಾಶಿವಯ್ಯ ಕೇಳುತ್ತಾರೆ.

ಹುಲ್ಲಿಗಾಗಿ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ಫಾಮಿದಾ ಎದ್ದು ನಿಲ್ಲುತ್ತಾರೆ. “ಯಾಕೆ ಅಂತ ಯಾಕ್ ಕೇಳ್ತೀರಿ ಸದಾಶಿವಣ್ಣ? ಇಷ್ಟು ವರ್ಷದಲ್ಲಿ ಅವ್ರು ಏನಾದ್ರೂ ಕೇಳವ್ರಾ? ನೀರು ಚಿಮುಕಿಸಿದ್ರೆ ಧೂಳೇಳಲ್ಲ. ಬಿಡಿ ಒಂದ್ ಹಾದಿ.” ಮೊಳದಗಲದ ಮಣ್ಣು ಉಳಿಯುತ್ತದೆ. ನನಗೆ ಸಂತೋಷವಾಯಿತು, ಜೊತೆಗೆ ಭಯವೂ ಆಯಿತು.

ಸೋಮವಾರ ಬೆಳಗಿನ ಜಾವ ಮತ್ತೆ ಹೋಗುತ್ತೇನೆ. ಸಿದ್ದಕ್ಕ ಮೈದಾನದ ನಡುವೆ ಒಣಗಿದ ತೆಂಗಿನ ಗರಿಗಳನ್ನು ಅಡ್ಡ ಹಾಕಿದ್ದಾರೆ. ಗೋಡೆಯ ಪಕ್ಕದ ಹಾದಿಯನ್ನು ನೀರು ಚಿಮುಕಿಸಿ, ನುಣ್ಣಗೆ ಗುಡಿಸಿದ್ದಾರೆ. ರಜೆಗೆ ಮೊದಲೇ ಮಗುವಿಗೆ ಹೊಸ ದಾರಿ ಅಭ್ಯಾಸವಾಗಲಿ ಎಂದು. ಬೀಗ ಹಾಕಿ, ಟೀ ಕುಡಿದು, ಬೀಗ ತೆಗೆಯುತ್ತೇವೆ. ನನಗೆ ಒಳಗೆ ನೋಡಲು ಧೈರ್ಯ ಸಾಲದು.

ಹೆಜ್ಜೆಗಳು ಗರಿಯ ತನಕ ಹೋಗಿವೆ. ಅಲ್ಲಿ ಎರಡೂ ಪಾದ ಜೋಡಿಸಿ ನಿಂತಿವೆ. ಆಮೇಲೆ ಗೋಡೆಯ ಕಡೆ ತಿರುಗಿ, ಒದ್ದೆ ಮಣ್ಣಿನಲ್ಲಿ ಬಾಗಿಲ ತನಕ ಸಾಗಿವೆ.

ಸಿದ್ದಕ್ಕನ ಮುಖ ಅರಳುತ್ತದೆ. “ನೋಡ್ದಾ? ಒಂದೇ ಸಲೀಕೆ ಕಲ್ತ್ಕಂಡವ್ಳೆ.” ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ. “ಈ ಮಕ್ಳು ಜ್ವರ ಅಂತವೆ, ಮದ್ವೆ ಅಂತವೆ, ಮಳೆ ಅಂತವೆ. ನನ್ ಮಗ್ಳು ಮಾತ್ರ ಇವತ್ತಿನ್ ಗಂಟ ಒಂದಿನಾನೂ ಇಸ್ಕೂಲ್ ತಪ್ಪಿಸಿಲ್ಲ ಕಣಪ್ಪ.”