ಹಲಗೆಯ ಆಚೆ ಕೂತವಳು

ಬೆಳಿಗ್ಗೆ ಎಮ್ಮೆಯ ಮೈ ಉಜ್ಜುತ್ತಿದ್ದೆ. ಬ್ರಶ್ಶಿನಿಂದ ಒಂದು ಕುಚ್ಚು ಕಳಚಿ ಅಂಗೈಗೆ ಬಂತು. ಸೊಸೆ ಪಾಂಡವಪುರದ ಸಂತೆಯಿಂದ ತಂದ ಪ್ಲಾಸ್ಟಿಕ್ ಬ್ರಶ್ಶು, ಎಮ್ಮೆ ಇನ್ನೂ ಸರಿಯಾಗಿ ಅದರ ರುಚಿಯನ್ನೇ ನೋಡಿರಲಿಲ್ಲ. ಕುಚ್ಚಿನ ನಡುವೆ ಉಗುರಿನ ಚೂರಿನಷ್ಟು ತಗಡು.

“ಬುಡ್ರತ್ತೆ, ಅತ್ಲಾಗ್ ಎಸೀರಿ, ಬೇರೆ ತಂದ್ರಾಯ್ತು” ಅಂದಳು ಸೊಸೆ.

ಎಸೆಯಲಿಲ್ಲ. ಮುದುಕಿಯರಿಗೆ ಎಸೆಯುವುದು ಬರುವುದಿಲ್ಲ, ಅದೊಂದು ರೋಗ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದೆ.

ಬ್ರಶ್ಶಿನ ಕೂದಲು ಯಾಕೆ ಉದುರುವುದಿಲ್ಲ ಅಂತ ನೀವು ಯೋಚಿಸಿದ್ದೀರೋ ಇಲ್ಲವೋ. ಅಂಟು ಹಾಕುತ್ತಾರೆ ಅಂದುಕೊಂಡಿರುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅಂಟಲ್ಲ. ಎಳೆಗಳನ್ನು ನಡುವಿಗೆ ಮಡಿಸಿ, ಆ ಮಡಿಕೆಯನ್ನು ತೂತಿನೊಳಗೆ ಬಿಗಿಯಾಗಿ ಕೂರಿಸುತ್ತಾರೆ. ತುದಿ ಎರಡೂ ಹೊರಗೆ, ಹೊಟ್ಟೆ ಒಳಗೆ. ಮಿಷನ್ನಾದರೆ ಪ್ರತಿ ಕುಚ್ಚಿಗೂ ಒಂದು ತಗಡಿನ ಚೂರು ಒತ್ತುತ್ತದೆ. ನಮ್ಮ ಕಾಲದಲ್ಲಿ ತಂತಿ ಇತ್ತು.

ತೊಂಬತ್ತರ ಆಚೀಚಿನ ವರ್ಷಗಳಲ್ಲಿ ಕಿರಂಗೂರಿನ ಹತ್ತಿರ ಒಂದು ಬ್ರಶ್ಶಿನ ಶೆಡ್ಡು ಇತ್ತು. ಕಬ್ಬಿನ ತರಗು ಸುಲಿದು ಕೈ ಕೊಯ್ಸಿಕೊಳ್ಳುವುದಕ್ಕಿಂತ ನೆರಳಿನ ಕೆಲಸ ವಾಸಿ ಅಂತ ಸೇರಿದೆ. ಅಲ್ಲಿಯೂ ಕೈ ಕೊಯ್ಯಿತು, ನೆರಳಲ್ಲಿ ಕೊಯ್ಯಿತು ಅಷ್ಟೇ ವ್ಯತ್ಯಾಸ.

ಕೆಲಸ ಇಬ್ಬರದು. ತೂತು ಕೊರೆದ ಹಲಗೆಯನ್ನು ಇಬ್ಬರ ನಡುವೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಈಚೆ ನಾನು, ಆಚೆ ನೂರ್‌ಜಾನ್. ನಾನು ತಂತಿಯನ್ನು ಕುಣಿಕೆ ಮಾಡಿ ತೂತಿನೊಳಗೆ ತೂರಿಸಬೇಕು. ಅವಳು ಆಚೆಯಿಂದ ಕುಣಿಕೆಯೊಳಗೆ ನಾರಿನ ಹಿಡಿ ಇಟ್ಟು “ಹೂಂ” ಅನ್ನಬೇಕು. ನಾನು ಎಳೆದರೆ ನಾರು ಮಡಿಚಿಕೊಂಡು ತೂತಿನಲ್ಲಿ ಕಚ್ಚಿ ಕೂರುತ್ತದೆ. ಆಮೇಲೆ ಅದೇ ತಂತಿ ಪಕ್ಕದ ತೂತಿಗೆ. ಹಲಗೆ ಮುಗಿಯುವವರೆಗೂ ಒಂದೇ ತಂತಿ. ಕೊನೆಗೆ ಬೆನ್ನಿಗೆ ಇನ್ನೊಂದು ಹಲಗೆ ಹೊಡೆದು ತಂತಿಯನ್ನು ಮುಚ್ಚುತ್ತಿದ್ದರು. ಕೊಂಡವರಿಗೆ ಅದು ಕಾಣುವುದೇ ಇಲ್ಲ.

ನೂರ್‌ಜಾನ್ ಶ್ರೀರಂಗಪಟ್ಟಣದವಳು, ನನಗಿಂತ ಚಿಕ್ಕವಳು. ಗಂಡ ಲಾರಿ ಓಡಿಸುತ್ತಿದ್ದ, ಬಂದರೆ ಬಂದ. ನಮ್ಮ ಬಾಯಲ್ಲಿ ಅವಳು ನೂರಮ್ಮ. ತಡವಾಗಿ ಬಂದರೆ ಪಕ್ಕದ ಹಲಗೆಯಲ್ಲಿ ಕೂರುತ್ತಿದ್ದ ಕೆಂಪಮ್ಮ ಅನ್ನುವವಳು, “ಬಾರಮ್ಮಿ, ನೂರಲ್ಲಿ ಅರ್ಧ ಎಲ್ ಬುಟ್ಟು ಬಂದೆ?” ಅಂತ ಕಾಲೆಳೆಯುತ್ತಿದ್ದಳು. ನೂರಮ್ಮ ನಗುತ್ತಿದ್ದಳು. ಹೆಸರು ಹಿಡಿದು ಕರೆದರೆ ಸಾಕು, ಅವಳಿಗೆ ಏನಂದರೂ ನಡೆಯುತ್ತಿತ್ತು.

ಒಂದು ಸಲ ಹಲಗೆಯ ಆಚೆಯಿಂದಲೇ ಹೇಳಿದಳು, “ಮನೇಲಿ ಎಲ್ರೂ ದುಲ್ಹನ್ ದುಲ್ಹನ್ ಅಂತಾರಕ್ಕಾ. ಎರಡ್ ಮಕ್ಳಾದ್ರೂ ನಾನು ಮದುಮಗ್ಳೇ. ನನ್ ಹೆಸ್ರು ನಂಗೆ ಕೇಳ್ಸೋದು ಇಲ್ಲಿಗ್ ಬಂದ್ರೇನೇ. ಈ ಶೆಡ್ಡು ಒಂದ್ ತಪ್ಪೋದ್ರೆ ನಾನ್ ಯಾರು ಅಂತ ಮರ್ತೋಯ್ತದೆ.”

ಮುಖ ಕಾಣದಿದ್ದರೂ ಅವಳ ಮನಸ್ಸು ನನಗೆ ತಂತಿಯಲ್ಲಿ ತಿಳಿಯುತ್ತಿತ್ತು. ಬೇಸರವಿದ್ದ ದಿನ ನಾರು ಹೆಚ್ಚು ತುರುಕುತ್ತಿದ್ದಳು, ಎಳೆದರೆ ಜಗ್ಗುತ್ತಿರಲಿಲ್ಲ.

“ಏನೇ, ಅತ್ತೆ ಬೈದ್ಲಾ?”

“ಎಂಗ್ ಗೊತ್ತಾಯ್ತಕ್ಕಾ?”

“ನಿನ್ ಕುಚ್ಚು ಬಸ್ರಿ ಆಗದೆ ಕಣೇ, ತೂತಲ್ಲಿ ಇಳೀತಿಲ್ಲ.”

ನಾವು ಹಾಕುತ್ತಿದ್ದದ್ದು ಬಗನಿ ಮರದ ನಾರು. ಕಪ್ಪಗೆ, ಒರಟಾಗಿ, ಮುಟ್ಟಿದರೆ ಚುಚ್ಚುತ್ತದೆ. ಮೊದಲ ಕಟ್ಟು ಬಿಚ್ಚಿದ ದಿನವೇ ಕೆಂಪಮ್ಮ, “ಹಂದಿ ಬೆನ್ ಸವ್ರದಂಗಾಯ್ತದಲ್ಲೇ” ಅಂದಿದ್ದಳು. ಅಷ್ಟೇ. ಅವತ್ತಿನಿಂದ ಶೆಡ್ಡಿನಲ್ಲಿ ನಾರಿನ ಹೆಸರೇ ಹಂದಿ. “ಒಂದ್ ಹಿಡಿ ಹಂದಿ ಕೊಡು”, “ಹಂದಿ ಒದ್ದೆ ಆಗದೆ, ಬಿಸ್ಲಿಗಾಕು”. ನೂರಮ್ಮ ಮಾತ್ರ ಆ ಮಾತು ಆಡುತ್ತಿರಲಿಲ್ಲ. “ನನ್ ಮುಂದ್ ಅನ್ಬೇಡ್ರಕ್ಕಾ” ಅನ್ನುತ್ತಲೇ ನಗುತ್ತಿದ್ದಳು. ಅದು ಮರದ ನಾರು ಅಂತ ಅವಳಿಗೂ ಗೊತ್ತು, ನಮಗೂ ಗೊತ್ತು.

ಗೊತ್ತಿಲ್ಲದವನು ಒಂದು ದಿನ ಬಾಗಿಲಲ್ಲಿದ್ದ. ಮಾಕವಳ್ಳಿ ಕಡೆಗೆ ಹೋಗುವ ಮಾಲನ್ನು ತುಂಬಿಕೊಳ್ಳಲು ಬಂದ ಟೆಂಪೋ ಡ್ರೈವರು. ನೂರಮ್ಮನ ಬೀದಿಯವನೇ. ಒಳಗಿಂದ ಕೆಂಪಮ್ಮ, “ನೂರಮ್ಮಂಗೆ ಹಂದಿ ಖಾಲಿ ಆಗೋಯ್ತಂತೆ, ಇನ್ನೊಂದ್ ಕಟ್ಟು ತನ್ರೋ” ಅಂತ ಕೂಗಿದ್ದು ಅವನ ಕಿವಿಗೆ ಬಿತ್ತು.

ಮಾರನೆಯ ದಿನ ನೂರಮ್ಮ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳು ಹಂದಿಯ ಕೂದಲು ಮುಟ್ಟಿ, ಅದೇ ಕೈಯಲ್ಲಿ ಮನೆಗೆ ಬಂದು ಅಡುಗೆ ಮಾಡುತ್ತಾಳೆ ಅಂತ ಬೀದಿಯಲ್ಲೆಲ್ಲ ಮಾತಾಗಿದೆ ಅಂತ ತಿಳಿಯಿತು. ನಾನು ಸೆರಗಿನಲ್ಲಿ ಒಂದು ಹಿಡಿ ನಾರು, ಒಂದು ಬೆಂಕಿಪೊಟ್ಟಣ ಕಟ್ಟಿಕೊಂಡು ಅವಳ ಮನೆಗೆ ಹೋದೆ.

ಅವಳ ಅತ್ತೆ ಚಾಪೆ ಹಾಕಿ ಕೂರಿಸಿದಳು. ಜಗಳವಾಡುವ ಹೆಂಗಸಲ್ಲ. ನಾನು ಮಾತು ಬೆಳೆಸಲಿಲ್ಲ. ನನ್ನ ತುರುಬಿನಿಂದ ನಾಲ್ಕು ಕೂದಲು ಕಿತ್ತು ಸುಟ್ಟೆ. ಕಮಟು ನಾತ ಮನೆ ತುಂಬಿತು. ಆಮೇಲೆ ನಾರು ಸುಟ್ಟೆ. ಒಣಹುಲ್ಲು ಸುಟ್ಟ ವಾಸನೆ.

“ಕೂದ್ಲಾದ್ರೆ ಇಂಗ್ ನಾರ್ತದೆ, ಇದು ಅಂಗ್ ನಾರ್ತದಾ ನೀವೇ ಏಳ್ರಮ್ಮ” ಅಂದೆ.

ಅವಳು ಬಗ್ಗಿ ಮೂಸಿದಳು. “ನಾರೇ. ನೀನು ಸುಳ್ ಏಳ್ತಿಲ್ಲ. ಆದ್ರೆ ದೇಖೋ ಅಮ್ಮ, ಗಲ್ಲೀಲಿ ಎಲ್ರಿಗೂ ಮೂಗದೆ. ಒಬ್ಬೊಬ್ರ ಮೂಗಿನ್ ಮುಂದೂ ಕಡ್ಡಿ ಗೀರ್ತೀಯಾ? ನನ್ ಸಣ್ ಮಗ್ಳನ್ನ ನೋಡೋಕೆ ನಾಗಮಂಗಲದೋರು ಬರ್ತಾವ್ರೆ.”

ಬೆಂಕಿಪೊಟ್ಟಣವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ನನಗೂ ಮದುವೆಗಿದ್ದ ಮಗಳಿದ್ದಳು. ಆ ಅತ್ತೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

“ದುಲ್ಹನ್, ಚಾಯ್” ಅಂದಳು ಒಳಗೆ ನೋಡಿ. ನೂರಮ್ಮ ಗ್ಲಾಸು ತಂದಳು. ತಂತಿ ಕೊಯ್ದ ಅವಳ ಬೆರಳಿನ ಗಾಯಗಳು ಮಾಯ್ದಿದ್ದವು.

“ನನ್ ಜಾಗದಲ್ ಯಾರಕ್ಕಾ ಕೂತವ್ರೆ?” ಅಂತ ಮೆಲ್ಲಗೆ ಕೇಳಿದಳು.

“ಕೆಂಪಮ್ಮ.”

“ನಾರ್ ಸರ್ಯಾಗ್ ಇಡ್ತಾಳಾ?”

“ಇಡ್ತಾಳೆ. ಮಾತೇ ಆಡಾಕಿಲ್ಲ.”

ಗ್ಲಾಸು ತೆಗೆದುಕೊಂಡು ಒಳಗೆ ಹೋದಳು. ಅವಳನ್ನು ಆಮೇಲೆ ನಾನು ನೋಡಲಿಲ್ಲ. ನಾದಿನಿಯ ಮದುವೆಯಾಯಿತು ಅಂತ ಕೇಳಿದೆ, ಅದಾದ ಮೇಲೆ ಆ ಮನೆಯವರು ಊರು ಬಿಟ್ಟರು. ಎಲ್ಲಿಗೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಶೆಡ್ಡಿಗೆ ಮಿಷನ್ನು ಬಂತು. ಮಿಷನ್ನಿಗೆ ಒಬ್ಬರು ಸಾಕು, ಆಚೆ ಯಾರೂ ಕೂರಬೇಕಾಗಿಲ್ಲ.

ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಎಮ್ಮೆಯ ಮೈ ಒಣಗಿಹೋಗಿತ್ತು. ಒಳಗೆ ಸೊಸೆ ಪಾತ್ರೆ ಎತ್ತಿಡುತ್ತಿದ್ದಳು. ಅವಳು ಈ ಮನೆಗೆ ಬಂದಾಗಿನಿಂದ ನಾನು ಕರೆಯುವುದು ಅಮ್ಮಿ ಅಂತ, ಸಿಟ್ಟು ಬಂದರೆ ಇವಳೇ ಅಂತ.

“ಸುನಂದಾ” ಅಂತ ಕರೆದೆ.

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಓಡಿಬಂದಳು. ಮುಖ ಬಿಳಿಚಿತ್ತು.

“ಯಾಕತ್ತೆ, ಯಾರ್ಗೇನಾಯ್ತು?”